ಎಂಟು ಕೋಟಿ ಜನರ ಪಾಪ, ಒಬ್ಬ ಅಜ್ಜನ ಕಡತ

ಜರ್ಮನಿಯ ಬಗ್ಗೆ ನಮ್ಮ ಕಡೆಯ ಓದುಬರಹ ಬಲ್ಲವರಲ್ಲಿ ಎರಡು ಮಾತುಗಳು ಓಡಾಡುತ್ತಿರುತ್ತವೆ. ಒಂದು, "ಜರ್ಮನರನ್ನು ನೋಡಿ ಕಲಿಯಬೇಕು, ಮಾಡಿದ ಪಾಪವನ್ನು ಬಾಯಿಬಿಟ್ಟು ಒಪ್ಪಿಕೊಂಡ ದೇಶ ಅಂತಿದ್ದರೆ ಅದೊಂದೇ" ಎನ್ನುವುದು. ಇನ್ನೊಂದು, "ಅಜ್ಜ ಮಾಡಿದ್ದಕ್ಕೆ ಮೊಮ್ಮಕ್ಕಳು ಎಷ್ಟು ದಿನ ಅಂತ ತಲೆ ತಗ್ಗಿಸಬೇಕು, ಸಾಕಲ್ವಾ" ಎನ್ನುವುದು. ಒಂದನ್ನು ಹೇಳುವವರು ಇನ್ನೊಂದನ್ನು ಹೇಳುವವರ ಜೊತೆ ಜಗಳಕ್ಕೇ ನಿಲ್ಲುತ್ತಾರೆ. ನನಗೆ ಎರಡರ ಮೇಲೂ ತಕರಾರಿದೆ. ಎರಡೂ ದೇಶದ ಬಗ್ಗೆ ಮಾತಾಡಿ ಮುಗಿಸುತ್ತವೆ. ಮನೆಯ ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ, ಹಾಗೇ ಮುಂದೆ ಹೋಗಿಬಿಡುತ್ತವೆ.

ಈ ತಕರಾರನ್ನು ಬರೆದೇ ಬಿಡಬೇಕು ಅನ್ನಿಸಿದ್ದು ನೋರಾ ಕ್ರೂಗ್ ಅವರ ಪುಸ್ತಕ ಓದಿದ ಮೇಲೆ. ಅವರು ಚಿತ್ರಕಲಾವಿದೆ. 1977ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹುಟ್ಟಿದವರು. ಈಗ ನ್ಯೂಯಾರ್ಕಿನಲ್ಲಿದ್ದು ಅಲ್ಲಿನ ಪಾರ್ಸನ್ಸ್ ಕಲಾಶಾಲೆಯಲ್ಲಿ ಪಾಠ ಮಾಡುತ್ತಾರೆ, ಮದುವೆಯಾದದ್ದು ಯಹೂದಿ ಮನೆತನದವರನ್ನು. 2018ರಲ್ಲಿ ಬಂದ ಈ ಪುಸ್ತಕದ ಹೆಸರು ಇಂಗ್ಲಿಷಿನಲ್ಲಿ 'ಬಿಲಾಂಗಿಂಗ್', ಜರ್ಮನ್‌ನಲ್ಲಿ 'ಹೈಮಾಟ್'. ಪುಟ ತುಂಬ ಕೈಬರಹ, ಬಣ್ಣದ ಚಿತ್ರ, ಹಳೇ ಫೋಟೋ, ಸಂತೆಯಲ್ಲಿ ಕೊಂಡ ಯಾರದೋ ಕಾಗದ ಪತ್ರ. ನೋಡಲು ಮಕ್ಕಳ ಸ್ಕ್ರ್ಯಾಪ್ ಪುಸ್ತಕದ ಹಾಗಿದೆ. ಒಳಗೆ ಇರುವುದು ಒಬ್ಬ ಮೊಮ್ಮಗಳು ನಡೆಸಿದ ತನಿಖೆ. ಅಮೆರಿಕದ ವಿಮರ್ಶಕರ ಕೂಟ ಅದಕ್ಕೆ ಆತ್ಮಕಥೆಯ ವಿಭಾಗದ ಪ್ರಶಸ್ತಿ ಕೊಟ್ಟಿತು.

ಹೈಮಾಟ್ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಸಮನಾದ ಮಾತಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕನ್ನಡದವರಿಗೆ ಅದು ಅಷ್ಟು ಕಷ್ಟವಾಗಬಾರದು. ದುಬೈಯಲ್ಲಿದ್ದು "ಊರಲ್ಲಿ ಮಳೆ ಹಿಡಿದಿದೆಯಾ" ಎಂದು ಫೋನಿನಲ್ಲಿ ಕೇಳುವವನ ಬಾಯಲ್ಲಿ 'ಊರು' ಎಂದರೆ ಏನೋ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಒಂದಿದೆ. ನಮ್ಮ 'ಊರು' ಎಂಬ ಪದವನ್ನು ಯಾರೂ ಸರಕಾರದ ಯಂತ್ರಕ್ಕೆ ಕಟ್ಟಿ ಜನರನ್ನು ಕೊಲ್ಲಲು ಬಳಸಿಲ್ಲ. ಹೈಮಾಟ್ ಪದವನ್ನು ನಾಜಿಗಳು ಬಳಸಿದರು. ಯುದ್ಧ ಮುಗಿದ ಮೇಲೆ 1950ರ ದಶಕದಲ್ಲಿ ಅದೇ ಹೆಸರಿನಲ್ಲಿ ಬೆಟ್ಟ, ಹಸು, ಹಳ್ಳಿ ಹುಡುಗಿ ಇರುವ ಸಿನಿಮಾಗಳು ಸಾಲುಸಾಲಾಗಿ ಬಂದವು, ನಡುವೆ ಏನೂ ನಡೆದೇ ಇಲ್ಲವೋ ಎಂಬ ಹಾಗೆ. ಕ್ರೂಗ್ ಪುಸ್ತಕ ಬಂದ ಅದೇ 2018ರಲ್ಲಿ ಜರ್ಮನಿಯ ಗೃಹ ಮಂತ್ರಾಲಯದ ಹೆಸರಿಗೂ ಹೈಮಾಟ್ ಸೇರಿಕೊಂಡಿತು.

ಈಗ ಆ ದೇಶದ ಮಕ್ಕಳಿಗೆ ಶಾಲೆಯಲ್ಲಿ ಏನು ಹೇಳಿಕೊಟ್ಟರು ಎಂಬ ವಿಷಯಕ್ಕೆ ಬರುತ್ತೇನೆ. ಕ್ರೂಗ್ ಓದಿದ ಕಾಲಕ್ಕೆ ನಾಜಿ ಚರಿತ್ರೆಯನ್ನು ಮುಚ್ಚಿಡುತ್ತಿರಲಿಲ್ಲ, ಬದಲಿಗೆ ಅದನ್ನು ಮತ್ತೆ ಮತ್ತೆ ಕಲಿಸುತ್ತಿದ್ದರು. ಶಿಬಿರಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಹಿಟ್ಲರನ ಭಾಷಣವನ್ನು ಬಿಡಿಸಿ ಬಿಡಿಸಿ ಪಾಠ ಮಾಡುತ್ತಿದ್ದರು. ಅಭಿಮಾನ, ವೀರ, ಗೆಲುವು ಇಂಥ ಪದಗಳನ್ನು ಎಚ್ಚರದಿಂದ ಬಳಸಬೇಕು ಎಂಬುದು ಮಕ್ಕಳಿಗೆ ತಾನಾಗಿ ಗೊತ್ತಾಗಿತ್ತು. ಹೊರದೇಶಕ್ಕೆ ಹೋದರೆ ಜರ್ಮನ್ ಉಚ್ಚಾರವನ್ನು ಆದಷ್ಟು ಅಡಗಿಸಿಕೊಳ್ಳುವುದು. ಇಷ್ಟೆಲ್ಲ ಇದ್ದೂ ಒಂದು ಪ್ರಶ್ನೆಯನ್ನು ಆ ತರಗತಿಯಲ್ಲಿ ಯಾರೂ ಕೇಳಲಿಲ್ಲ: ನಮ್ಮದೇ ಊರಿನಲ್ಲಿ, ನಮ್ಮದೇ ಬೀದಿಯಲ್ಲಿ ಏನಾಯಿತು? ನಿನ್ನ ಅಜ್ಜ ಆಗ ಎಲ್ಲಿದ್ದ?

ನೋಡಿ ಮಾರಾಯ್ರೆ, ಇದೇ ನನ್ನ ವಾದದ ಬುಡ. ಎಂಟು ಕೋಟಿ ಜನ ಒಟ್ಟಿಗೆ ಹೊರುವ ಪಾಪದಲ್ಲಿ ತಲೆಗೆ ಬರುವ ಪಾಲು ತೀರಾ ಸಣ್ಣದು. "ನಾವು ಜರ್ಮನರು ತಪ್ಪು ಮಾಡಿದೆವು" ಎಂದು ಹೇಳುವ ಬಾಯಿಗೆ "ನನ್ನ ಅಜ್ಜ ಇಂಥ ತಾರೀಕಿಗೆ ಪಕ್ಷಕ್ಕೆ ಸೇರಿದ" ಎಂದು ಹೇಳಲು ಆಗುವುದಿಲ್ಲ. ದೇಶದ ಪಾಪ ಎಷ್ಟು ದೊಡ್ಡದೆಂದರೆ ಅದರ ನೆರಳಲ್ಲಿ ಒಂದೊಂದು ಮನೆಯೂ ಸುಖವಾಗಿ ಕೂತುಕೊಳ್ಳಬಹುದು. ಜರ್ಮನಿಯಲ್ಲಿ ಬಹಳ ಮನೆಗಳು ಹಾಗೆಯೇ ಕೂತವು.

ಇದು ನನ್ನ ಊಹೆ ಮಾತ್ರ ಅಲ್ಲ. ಹರಾಲ್ಡ್ ವೆಲ್ಟ್ಸರ್ ಮತ್ತು ಅವರ ಜೊತೆಯ ಇಬ್ಬರು ಸಂಶೋಧಕಿಯರು 40 ಜರ್ಮನ್ ಕುಟುಂಬಗಳಲ್ಲಿ ಮೂರು ತಲೆಮಾರಿನವರನ್ನು ಕೂರಿಸಿ ಮಾತಾಡಿಸಿದರು. ಒಟ್ಟು 142 ಸಂದರ್ಶನ. 2002ರಲ್ಲಿ ಅದು ಪುಸ್ತಕವಾಯಿತು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಅಜ್ಜ ನಾಜಿ ಆಗಿರಲಿಲ್ಲ'. ಮನೆಯಲ್ಲಿ ಹೇಳುವ ಕತೆಗಳಲ್ಲಿ ಮೂರರಲ್ಲಿ ಎರಡು ಪಾಲು, ನಮ್ಮವರು ಎಷ್ಟು ಕಷ್ಟಪಟ್ಟರು ಅಥವಾ ಒಳಗೊಳಗೇ ಹೇಗೆ ಎದುರಿಸಿದರು ಎಂಬವೇ. ಅದಕ್ಕಿಂತ ವಿಚಿತ್ರ ಏನೆಂದರೆ ಕತೆ ಕೆಳಗಿನ ತಲೆಮಾರಿಗೆ ಇಳಿದ ಹಾಗೆ ಅಜ್ಜ ಅಜ್ಜಿಯರು ಒಳ್ಳೆಯವರಾಗುತ್ತಾ ಹೋಗುತ್ತಾರೆ. ಅಜ್ಜನೇ ಬಾಯಿಬಿಟ್ಟು ಹೇಳಿದ ಕೆಟ್ಟ ಸಂಗತಿಯೂ ಮೊಮ್ಮಗನ ಬಾಯಿಗೆ ಬರುವಾಗ ಮಾಯವಾಗಿರುತ್ತದೆ. ಈ ಮೊಮ್ಮಕ್ಕಳು ಶಾಲೆಯಲ್ಲಿ ನಾಜಿ ಚರಿತ್ರೆಯನ್ನು ಅಕ್ಷರ ಬಿಡದೆ ಕಲಿತವರು. ಕಲಿತದ್ದರಿಂದಲೇ ಹೀಗಾಯಿತು ಎಂದು ನನಗೆ ಅನ್ನಿಸುತ್ತದೆ. ನಾಜಿ ಎಂದರೆ ರಾಕ್ಷಸ ಎಂದು ಅಷ್ಟು ಗಟ್ಟಿಯಾಗಿ ಕಲಿತ ಮೇಲೆ, ಮೊಣಕಾಲ ಮೇಲೆ ಕೂರಿಸಿ ಮಿಠಾಯಿ ಕೊಟ್ಟ ಅಜ್ಜ ಅದರಲ್ಲಿ ಸೇರಲು ಹೇಗೆ ಸಾಧ್ಯ?

ಕ್ರೂಗ್ ಮಾಡಿದ ದೊಡ್ಡ ಕೆಲಸ, ಆ ನೆರಳಿನಿಂದ ಎದ್ದು ದಾಖಲೆ ಕಚೇರಿಗೆ ಹೋದದ್ದು.

ಅವರ ತಾಯಿಯ ತಂದೆ ವಿಲ್ಲಿ, ಕಾರ್ಲ್ಸ್‌ರೂಹೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವರು. ಅದಕ್ಕೂ ಮೊದಲು ಒಬ್ಬ ಯಹೂದಿ ವ್ಯಾಪಾರಿಯ ಕಾರಿಗೆ ಚಾಲಕರಾಗಿದ್ದರು. ಅಮೆರಿಕದ ಸೇನೆ ಯುದ್ಧ ಗೆದ್ದ ಮೇಲೆ ತನ್ನ ಕೈಕೆಳಗಿನ ಜರ್ಮನರಿಗೆ ಒಂದು ಫಾರಂ ಕೊಟ್ಟಿತ್ತು. ಅದರಲ್ಲಿ 131 ಪ್ರಶ್ನೆ. ಎತ್ತರ, ತೂಕ, ಕಣ್ಣಿನ ಬಣ್ಣದಿಂದ ಶುರುವಾಗಿ ಯಾವ ಯಾವ ಸಂಘದಲ್ಲಿ ಎಂದಿನಿಂದ ಎಂದಿನವರೆಗೆ ಸದಸ್ಯ ಎಂಬಲ್ಲಿಯವರೆಗೆ. ಮೊಮ್ಮಗಳು ಆ ಕಡತವನ್ನು ಹುಡುಕಿ ತೆಗೆಸಿದರು. ಅಜ್ಜ ಪಕ್ಷದ ಸದಸ್ಯ. ಸೇರಿದ್ದು 1933ರಲ್ಲಿ, ಅಂದರೆ ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ. ಮನೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಕಡತದ ಜೊತೆ ಇನ್ನೊಂದು ಸಂಗತಿಯೂ ಸಿಕ್ಕಿತು. ವಿಲ್ಲಿಯ ಡ್ರೈವಿಂಗ್ ಸ್ಕೂಲಿನ ಕಚೇರಿ ಇದ್ದದ್ದು ಯಹೂದಿಗಳ ಸಿನಗಾಗ್‌ನ ಎದುರಿಗೆ. 1938ರ ನವೆಂಬರ್ 9ರ ರಾತ್ರಿಯಿಂದ 10ರವರೆಗೆ ಜರ್ಮನಿಯ ಉದ್ದಗಲಕ್ಕೂ ಸಾವಿರಕ್ಕೂ ಹೆಚ್ಚು ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು, ಒಡೆದು ಹಾಳು ಮಾಡಿದರು, ಸುಮಾರು 30,000 ಯಹೂದಿ ಗಂಡಸರನ್ನು ಹಿಡಿದು ಶಿಬಿರಗಳಿಗೆ ಸಾಗಿಸಿದರು. ಕಾರ್ಲ್ಸ್‌ರೂಹೆಯ ಸಿನಗಾಗ್ ಕೂಡ ಅದರಲ್ಲಿ ಹೋಯಿತು. ಆಗ ಅಜ್ಜ ಎಲ್ಲಿದ್ದ? ಮನೆಯಲ್ಲಿ ಮಲಗಿದ್ದನೇ? ಮರುದಿನ ಬೆಳಗ್ಗೆ ಎಂದಿನಂತೆ ಬಂದು ಕಚೇರಿಯ ಬೀಗ ತೆಗೆದನೇ? ಹೊಗೆಯ ವಾಸನೆ ಇದ್ದ ಆ ಬೀದಿಯಲ್ಲಿ ಯಾರಿಗೋ ಕ್ಲಚ್ ಬಿಡುವುದು ಹೇಗೆ ಎಂದು ಕಲಿಸಿದನೇ? ಕ್ರೂಗ್‌ಗೆ ಉತ್ತರ ಸಿಗುವುದಿಲ್ಲ. ಸಿಗದ ಉತ್ತರದ ಜಾಗದಲ್ಲಿ ಅವರು ಬೇರೆ ಬೇರೆ ಸಾಧ್ಯತೆಗಳನ್ನು ಚಿತ್ರ ಮಾಡಿ ಇಡುತ್ತಾರೆ. ಪುಸ್ತಕದ ಅತಿ ಪ್ರಾಮಾಣಿಕ ಜಾಗ ನನ್ನ ಲೆಕ್ಕದಲ್ಲಿ ಅದು. "ನಮ್ಮ ಅಜ್ಜ ಹಾಗೆ ಮಾಡಿರಲಿಕ್ಕಿಲ್ಲ" ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡಬಹುದಿತ್ತು. ಮುಗಿಸಲಿಲ್ಲ.

ಆ ಫಾರಂ ತುಂಬಿದವರಲ್ಲಿ ಅನೇಕರಿಗೆ ಕೊನೆಗೆ ಒಂದು ಹಣೆಪಟ್ಟಿ ಸಿಗುತ್ತಿತ್ತು. 1946ರ ಮಾರ್ಚ್ 5ರ ಕಾನೂನಿನ ಪ್ರಕಾರ ಐದು ದರ್ಜೆ: ಮುಖ್ಯ ಅಪರಾಧಿ, ಅಪರಾಧಿ, ಸಣ್ಣ ಅಪರಾಧಿ, 'ಮಿಟ್‌ಲಾಯ್ಫರ್', ನಿರಪರಾಧಿ. ನಾಲ್ಕನೆಯ ಪದವನ್ನು ನೇರವಾಗಿ ಕನ್ನಡಕ್ಕೆ ತಂದರೆ 'ಜೊತೆಗೆ ಓಡಿದವನು' ಎಂದಾಗುತ್ತದೆ. ವಿಲ್ಲಿಗೆ ಸಿಕ್ಕಿದ್ದು ಅದು. ಅವನಿಗೊಬ್ಬನಿಗೆ ಸಿಕ್ಕಿದ್ದಲ್ಲ. ಅಮೆರಿಕದ ವಲಯದಲ್ಲಿ ಮುಖ್ಯ ಅಪರಾಧಿ ಎನಿಸಿಕೊಂಡವರು 1,700ಕ್ಕೂ ಕಡಿಮೆ, ಜೊತೆಗೆ ಓಡಿದವರು ಸುಮಾರು 4.85 ಲಕ್ಷ! ಲುಟ್ಸ್ ನೀಟ್‌ಹಾಮರ್ ಎಂಬ ಇತಿಹಾಸಕಾರರು ಈ ಇಡೀ ವ್ಯವಸ್ಥೆಯ ಬಗ್ಗೆ ಬರೆದ ಪುಸ್ತಕಕ್ಕೆ ಇಟ್ಟ ಹೆಸರೇ 'ಮಿಟ್‌ಲಾಯ್ಫರ್ ಕಾರ್ಖಾನೆ'. ವಿಚಾರಣೆಯ ಮಂಡಳಿಯಲ್ಲಿ ಕೂತವರು ಅದೇ ಊರಿನ ಜರ್ಮನರು. ಎದುರಿಗೆ ನಿಂತವನು ಪಾದ್ರಿಯಿಂದ, ಪಕ್ಕದ ಮನೆಯವರಿಂದ, ಸಿಕ್ಕಿದರೆ ಒಬ್ಬ ಯಹೂದಿಯಿಂದ "ಇವರು ಒಳ್ಳೆಯವರು" ಎಂಬ ಚೀಟಿ ತರುತ್ತಿದ್ದ. ಆ ಚೀಟಿಗೆ ಜನ ಇಟ್ಟ ಅಡ್ಡಹೆಸರು ಒಂದು ಬಟ್ಟೆ ಸಾಬೂನಿನ ಪುಡಿಯದ್ದು, ಪರ್ಸಿಲ್ ಚೀಟಿ ಎಂದು. ನಮ್ಮಲ್ಲಾದರೆ ನಿರ್ಮಾ ಚೀಟಿ ಎನ್ನುತ್ತಿದ್ದೆವೋ ಏನೋ. ವಿಲ್ಲಿಯ ಕಡತದಲ್ಲೂ ಅವನ ಪರವಾಗಿ ಬರೆದ ಮಾತು ಇತ್ತು.

ಈ 'ಜೊತೆಗೆ ಓಡಿದವನು' ಎಂಬ ಪದವನ್ನು ನಾನು ಒಪ್ಪುವುದಿಲ್ಲ. ಓಟದಲ್ಲಿ ಜೊತೆಗೆ ಓಡಿದವನಿಗೂ ಕಾಲಿರುತ್ತದೆ. 1940ರ ಅಕ್ಟೋಬರ್ 22ರಂದು ಕಾರ್ಲ್ಸ್‌ರೂಹೆ ಇರುವ ಬಾಡೆನ್ ಸೀಮೆಯಿಂದಲೂ ಪಕ್ಕದ ಪ್ರದೇಶದಿಂದಲೂ 6,500ಕ್ಕೂ ಹೆಚ್ಚು ಯಹೂದಿಗಳನ್ನು ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ ರೈಲು ಹತ್ತಿಸಿದರು. ಕಾರ್ಲ್ಸ್‌ರೂಹೆಯವರೇ 900ರ ಆಸುಪಾಸು. 50 ಕಿಲೋ ಸಾಮಾನು, 100 ಮಾರ್ಕ್ ದುಡ್ಡು, ಇಷ್ಟು ಮಾತ್ರ ಕೈಯಲ್ಲಿ. ಅವರನ್ನು ಇಳಿಸಿದ್ದು ಫ್ರಾನ್ಸಿನ ದಕ್ಷಿಣ ತುದಿಯ ಗುರ್ಸ್ ಎಂಬ ಶಿಬಿರದಲ್ಲಿ. ಅಲ್ಲಿ ಚಳಿಗೆ, ಹಸಿವಿಗೆ, ಕಾಯಿಲೆಗೆ ಸಾಯದೆ ಉಳಿದವರಲ್ಲಿ ಬಹಳ ಮಂದಿಯನ್ನು 1942ರಿಂದ ಆಶ್ವಿಟ್ಸ್‌ಗೆ ಕಳಿಸಿದರು. ಅವರು ಬಿಟ್ಟುಹೋದ ಮನೆಯ ಸಾಮಾನನ್ನು ಬೀದಿಯಲ್ಲಿ ಹರಾಜು ಹಾಕಿದರು. ಅದೇ ಸೀಮೆಯ ಲೋರಾಖ್ ಎಂಬ ಊರಿನಲ್ಲಿ ಆ ಹರಾಜಿನ ಫೋಟೋಗಳೇ ಉಳಿದಿವೆ. ಜನ ಗುಂಪುಗೂಡಿದ್ದಾರೆ. ಹಬ್ಬದ ಸಂತೆಯಲ್ಲಿ ಇರುವ ಹಾಗೆ ಮುಖದಲ್ಲಿ ಕುತೂಹಲ. ಆ ಮುಖಗಳಲ್ಲಿ ಯಾರೂ ರಾಕ್ಷಸರಿಲ್ಲ. ನಿನ್ನೆವರೆಗೆ ಪಕ್ಕದ ಮನೆಯಲ್ಲಿದ್ದ ಮೇಜುಬಟ್ಟೆಯನ್ನು ಕಡಿಮೆ ಬೆಲೆಗೆ ಕೊಂಡುಕೊಂಡು ಮನೆಗೆ ಹೋದವರು ಅವರು. ಆ ಮೇಜುಬಟ್ಟೆ ಈಗ ಯಾರ ಕಪಾಟಿನಲ್ಲಿದೆ?

"ಇಡೀ ದೇಶ ತಪ್ಪು ಮಾಡಿತು" ಎಂಬ ಮಾತಿನಿಂದ ಆ ಮೇಜುಬಟ್ಟೆ ಪತ್ತೆಯಾಗುವುದಿಲ್ಲ.

ತಂದೆಯ ಕಡೆಯ ಕತೆ ಇನ್ನೂ ನೋಯಿಸುವಂಥದ್ದು. ಕ್ರೂಗ್ ಅವರ ತಂದೆಗೆ ಒಬ್ಬ ಅಣ್ಣನಿದ್ದ, ಫ್ರಾಂಟ್ಸ್-ಕಾರ್ಲ್. ಕ್ಯೂಲ್ಸ್‌ಹೈಮ್ ಎಂಬ ಸಣ್ಣ ಊರು. ಎಸ್‌ಎಸ್ ಸೈನಿಕನಾಗಿ 1944ರಲ್ಲಿ ಇಟಲಿಯಲ್ಲಿ ಸತ್ತಾಗ ಅವನಿಗೆ 18 ವರ್ಷ. ಎರಡು ವರ್ಷದ ನಂತರ, ಯುದ್ಧ ಮುಗಿದ ಮೇಲೆ, ಹುಟ್ಟಿದ ತಮ್ಮನಿಗೆ ತಂದೆತಾಯಿ ಅದೇ ಹೆಸರನ್ನು ಇಟ್ಟರು. ಅಣ್ಣನ ಜಾಗ ತುಂಬಲು ಹುಟ್ಟಿದ ಮಗು, ಆ ಹೆಸರನ್ನೇ ಹೊತ್ತು ಬೆಳೆಯಿತು. ಆ ಮನೆಯಲ್ಲಿ ಉಳಿದ ಅಣ್ಣನ ಶಾಲೆಯ ಕಾಪಿ ಪುಸ್ತಕವನ್ನು ಕ್ರೂಗ್ ತೆರೆದು ಓದುತ್ತಾರೆ. ಅದರಲ್ಲಿ ಅಂದವಾದ ಅಕ್ಷರದಲ್ಲಿ ಒಂದು ಪ್ರಬಂಧ. ಕಾಡಿನ ಅಣಬೆಗಳಲ್ಲಿ ತಿನ್ನುವುದು ಯಾವುದು, ವಿಷದ್ದು ಯಾವುದು ಎಂದು ಗುರುತಿಸಲು ಕಷ್ಟವಾಗುವ ಹಾಗೆ ಮನುಷ್ಯರಲ್ಲೂ ಇದೆ, ಯಹೂದಿ ಎಂದರೆ ವಿಷದ ಅಣಬೆ ಎಂಬ ಅರ್ಥದ್ದು. ಬರೆದವನಿಗೆ ಹೆಚ್ಚೆಂದರೆ ಹದಿಮೂರು ವರ್ಷ.

ಆ ಹುಡುಗ ಅದನ್ನು ತಾನೇ ಕಟ್ಟಿದ್ದಲ್ಲ. 1938ರಲ್ಲಿ ಯೂಲಿಯುಸ್ ಸ್ಟ್ರೈಖರ್‌ನ ಪ್ರಕಾಶನ 'ವಿಷದ ಅಣಬೆ' ಎಂಬ ಮಕ್ಕಳ ಚಿತ್ರಪುಸ್ತಕವನ್ನೇ ಹೊರತಂದಿತ್ತು. ಬರೆದವನು ಎರ್ನ್ಸ್ಟ್ ಹೀಮರ್. ಸ್ಟ್ರೈಖರ್‌ನನ್ನು ನ್ಯೂರೆಂಬರ್ಗ್ ವಿಚಾರಣೆಯ ನಂತರ 1946ರಲ್ಲಿ ಗಲ್ಲಿಗೆ ಹಾಕಿದರು. ಚಿತ್ರ ಬರೆದವನ ಕಾವ್ಯನಾಮ ಫಿಪ್ಸ್, ನಿಜ ಹೆಸರು ಫಿಲಿಪ್ ರುಪ್ರೆಖ್ಟ್. ಅವನು ಕೆಲವು ವರ್ಷ ಸೆರೆಯಲ್ಲಿದ್ದು ಹೊರಗೆ ಬಂದ, 1970ರ ದಶಕದವರೆಗೆ ಬದುಕಿದ. ಕ್ರೂಗ್ ಪುಸ್ತಕವನ್ನು ಹೊಗಳಿದ ನಾನು ಓದಿದ ವಿಮರ್ಶೆಗಳಲ್ಲಿ ಈ ಮನುಷ್ಯನ ಹೆಸರು ಕಾಣಲಿಲ್ಲ. ಕಾಣಬೇಕಿತ್ತು. ಮಕ್ಕಳ ತಲೆಗೆ ಆ ವಿಷವನ್ನು ಇಳಿಸಿದ್ದು ಭಾಷಣಗಳಷ್ಟೇ ಅಲ್ಲ, ಬಣ್ಣದ ಚಿತ್ರಗಳು. ಅಂಥ ಚಿತ್ರ ನೋಡಿದ ಹುಡುಗನ ತಮ್ಮನ ಮಗಳು ತಾನೂ ಚಿತ್ರ ಬರೆಯುವವಳಾಗಿ, ಅದೇ ಕಾಪಿ ಪುಸ್ತಕದ ಪುಟವನ್ನು ತನ್ನ ಪುಸ್ತಕದಲ್ಲಿ ಅಂಟಿಸುತ್ತಾಳೆ. ಅಣಬೆ ಆಯುವುದು ಜರ್ಮನರಿಗೆ ಎಷ್ಟು ಪ್ರಿಯ ಎಂದು ಗೊತ್ತಿದ್ದವರಿಗೆ, ಆ ರೂಪಕ ಎಷ್ಟು ಒಳಗಿನಿಂದ ಬಂದದ್ದು ಎಂಬುದು ಅರ್ಥವಾಗುತ್ತದೆ. ಅಜ್ಜಿಯ ಕೈ ಹಿಡಿದು ಕಾಡಿಗೆ ಹೋಗಿ ಕಲಿತ ಜ್ಞಾನವನ್ನೇ ಕೊಲೆಗೆ ಪಾಠವಾಗಿ ತಿರುಗಿಸಿದ್ದರು.

ಇಲ್ಲಿ ಆ ಹದಿಮೂರರ ಹುಡುಗ ಪಾಪಿಯೇ ಎಂದು ಕೇಳಿದರೆ ನಾನು ಅಲ್ಲ ಎನ್ನುತ್ತೇನೆ. ಆ ಪ್ರಬಂಧ ಓದಿ ಸರಿ ಹಾಕಿದ ಮಾಸ್ತರರ ಬಗ್ಗೆ ಕೇಳಿದರೆ ಬೇರೆ ಮಾತು. ಆ ಮಾಸ್ತರರಂಥವರು ಯುದ್ಧದ ನಂತರ ಎಷ್ಟು ಮಂದಿ ಅದೇ ಕುರ್ಚಿಯಲ್ಲಿ ಕೂತು ಬೇರೆ ಪ್ರಬಂಧಗಳಿಗೆ ಸರಿ ಹಾಕಿದರು ಎಂಬುದು ಪಶ್ಚಿಮ ಜರ್ಮನಿಯ ಚರಿತ್ರೆ ಓದಿದವರಿಗೆ ಗೊತ್ತೇ ಇದೆ.

ಈಗ ಆ ಎರಡನೇ ಮಾತಿಗೆ, "ಅಜ್ಜ ಮಾಡಿದ್ದಕ್ಕೆ ಮೊಮ್ಮಕ್ಕಳು ಯಾಕೆ" ಎಂಬುದಕ್ಕೆ, ನೇರವಾಗಿ ಉತ್ತರ ಕೊಡುತ್ತೇನೆ. ಮೊಮ್ಮಗಳು ಅಪರಾಧಿ ಅಲ್ಲ, ಸರಿ. ಕಾರ್ಲ್ ಯಾಸ್ಪರ್ಸ್ ಎಂಬ ತತ್ವಶಾಸ್ತ್ರಜ್ಞರು 1946ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಅವರ ಹೆಂಡತಿ ಯಹೂದಿ, ನಾಜಿಗಳ ಕಾಲದಲ್ಲಿ ಕೆಲಸ ಕಳೆದುಕೊಂಡವರು ಅವರು. ಕಾನೂನಿನ ಅಪರಾಧ ಬೇರೆ, ರಾಜಕೀಯ ಹೊಣೆ ಬೇರೆ, ಒಬ್ಬೊಬ್ಬನ ನೈತಿಕ ತಪ್ಪು ಬೇರೆ, ಪಕ್ಕದವನನ್ನು ಕೊಲ್ಲುವಾಗ ತಾನು ಬದುಕಿ ಉಳಿದೆನಲ್ಲ ಎಂಬ ಭಾರ ಬೇರೆ ಎಂದು ನಾಲ್ಕು ಮಾಡಿದರು. ಒಂದು ಇಡೀ ಜನಾಂಗವನ್ನು ಅಪರಾಧಿ ಎಂದು ಕಟಕಟೆಗೆ ಹತ್ತಿಸಲು ಬರುವುದಿಲ್ಲ ಎಂದರು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಈ ಮಾತನ್ನು ಇಂದು ಬಳಸುವವರನ್ನು ಸ್ವಲ್ಪ ನೋಡಿ. ಪಾಪ ಆನುವಂಶಿಕ ಅಲ್ಲ ಎನ್ನುವವರೇ ಅಭಿಮಾನವನ್ನು ಮಾತ್ರ ಕೇಳದೆ ಬಾಚಿಕೊಳ್ಳುತ್ತಾರೆ. ಗಯಟೆ ನಮ್ಮವನು, ಬೀಥೋವನ್ ನಮ್ಮವನು ಎನ್ನುವ ಜರ್ಮನನಿಗೆ ಯಾರೂ "ಅವರು ಬರೆದದ್ದಕ್ಕೆ ನಿನಗೇನು" ಎಂದು ಕೇಳುವುದಿಲ್ಲ.

ನಮ್ಮನ್ನೇ ತೆಗೆದುಕೊಳ್ಳಿ. ಮಂಗಳೂರಿನಿಂದ ತಲಶ್ಶೇರಿಯವರೆಗಿನ ಈ ಕರಾವಳಿಯವರಿಗೆ ಜರ್ಮನ್ ಎಂದರೆ ಬಾಸೆಲ್ ಮಿಷನ್. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್, ಆಚೆ ಮಲಯಾಳಕ್ಕೆ 1872ರಲ್ಲಿ ನಿಘಂಟು ಮಾಡಿದ ಗುಂಡರ್ಟ್, ಮನೆಯ ಮಾಡಿನ ಮೇಲಿನ ಹಂಚು. ನಡುವೆ ಕಾಸರಗೋಡಿನಲ್ಲಿ ಕೂತ ನಾವು ಎರಡೂ ನಿಘಂಟನ್ನು ಬಳಸಿದವರು. ಗುಂಡರ್ಟ್ ಅವರ ಮೊಮ್ಮಗ ಹರ್ಮನ್ ಹೆಸ್ಸೆ, ನೊಬೆಲ್ ಬಂದವರು ಎಂದು ನಾವೇ ಹೆಮ್ಮೆಯಿಂದ ಹೇಳುತ್ತೇವೆ, ನಮ್ಮ ಅಣ್ಣನ ಮಗನೋ ಎಂಬ ಹಾಗೆ. ಅಜ್ಜನ ನಿಘಂಟು ಮೊಮ್ಮಗನವರೆಗೆ ಇಳಿದು ಬರುವುದಾದರೆ ಅಜ್ಜನ ಪಕ್ಷದ ಚೀಟಿ ಯಾಕೆ ಇಳಿಯುವುದಿಲ್ಲ? ಆಸ್ತಿ ಬೇಕು, ಸಾಲ ಬೇಡ ಎಂದರೆ ಯಾವ ಊರಿನ ಪಂಚಾಯಿತಿಕೆಯೂ ಒಪ್ಪುವುದಿಲ್ಲ. ಮನೆತನದ ಚರಿತ್ರೆ ಬರೆಯುವ ಚಟ ನಮ್ಮಲ್ಲೂ ಈಚೆಗೆ ಜೋರಾಗಿದೆ. ಹಡಗಿನ ವ್ಯಾಪಾರಿ ಅಜ್ಜ ಎಲ್ಲರಿಗೂ ಸಿಗುತ್ತಾನೆ, ಬಡ್ಡಿಗೆ ಕೊಟ್ಟು ಯಾರದೋ ತೋಟ ಬರೆಸಿಕೊಂಡ ಅಜ್ಜ ಯಾರಿಗೂ ಸಿಗುವುದಿಲ್ಲ.

ಇನ್ನು ಮೊದಲನೇ ಮಾತು, "ಜರ್ಮನಿಯನ್ನು ನೋಡಿ ಕಲಿಯಿರಿ". ಈ ಮಾತು ಹೇಳುವವರು ಉದಾಹರಣೆಗೆ ಕೊಡುವುದು 1985ರ ಮೇ 8ರಂದು ಅಧ್ಯಕ್ಷ ರಿಚರ್ಡ್ ಫಾನ್ ವೈಟ್ಸೆಕರ್ ಮಾಡಿದ ಭಾಷಣ. ಸೋಲಿನ ದಿನವನ್ನು ಬಿಡುಗಡೆಯ ದಿನ ಎಂದು ಕರೆದ ಭಾಷಣ ಅದು. ದೊಡ್ಡ ಭಾಷಣವೇ, ನಾನು ಸಣ್ಣದು ಮಾಡುವುದಿಲ್ಲ. ಆದರೆ ಅದಕ್ಕೆ ಮೂರೇ ದಿನ ಮೊದಲು, ಮೇ 5ರಂದು, ಪ್ರಧಾನಿ ಹೆಲ್ಮುಟ್ ಕೋಲ್ ಅಮೆರಿಕದ ರೇಗನ್ ಅವರನ್ನು ಬಿಟ್‌ಬುರ್ಗ್ ಸ್ಮಶಾನಕ್ಕೆ ಕರೆದುಕೊಂಡು ಹೋಗಿ ಹೂವಿಡಿಸಿದ್ದರು. ಅಲ್ಲಿ ಎಸ್‌ಎಸ್ ಪಡೆಯವರ ಗೋರಿಗಳೂ ಇದ್ದವು. ಅದಿರಲಿ. ಭಾಷಣ ಮಾಡಿದ ಅಧ್ಯಕ್ಷರ ಮನೆಯ ಸಂಗತಿ ನೋಡಿ. ಅವರ ತಂದೆ ಎರ್ನ್ಸ್ಟ್ ಫಾನ್ ವೈಟ್ಸೆಕರ್ ಹಿಟ್ಲರನ ವಿದೇಶಾಂಗ ಇಲಾಖೆಯ ಕಾರ್ಯದರ್ಶಿ. 1942ರಲ್ಲಿ ಫ್ರಾನ್ಸಿನಿಂದ 6,000 ಯಹೂದಿಗಳನ್ನು ಆಶ್ವಿಟ್ಸ್‌ಗೆ ಸಾಗಿಸಲು ಒಪ್ಪಿಗೆ ಕೇಳಿ ಕಾಗದ ಬಂದಾಗ ಆ ಇಲಾಖೆ ಕೊಟ್ಟ ಉತ್ತರ ನಮ್ಮ ತಾಲೂಕು ಕಚೇರಿಯ ಮಾತಿನಲ್ಲಿ ಹೇಳಬೇಕೆಂದರೆ ನಿರಾಕ್ಷೇಪಣಾ ಪತ್ರ. ಕಡತದ ಮೇಲೆ ತಂದೆಯ ಕೈಬರಹವೂ ಇತ್ತು. 1949ರಲ್ಲಿ ನ್ಯೂರೆಂಬರ್ಗಿನಲ್ಲಿ ಅವರಿಗೆ ಶಿಕ್ಷೆಯಾಯಿತು. ಆಗ ಕಾನೂನು ಓದುತ್ತಿದ್ದ ಮಗ ರಿಚರ್ಡ್ ತಂದೆಯ ಪರ ವಕೀಲರ ತಂಡದಲ್ಲಿ ಸಹಾಯಕರು. ಆ ತೀರ್ಪು ನ್ಯಾಯವಲ್ಲ ಎಂಬ ನಿಲುವನ್ನು ಅವರು ಮುಂದೆಯೂ ಬಿಡಲಿಲ್ಲ. ಇಡೀ ದೇಶಕ್ಕೆ ಕಣ್ಣು ತೆರೆಯಿರಿ ಎಂದು ಹೇಳಲು ಆ ಮನುಷ್ಯನಿಗೆ ಆಯಿತು. ಆ ಒಂದು ಕಡತವನ್ನು ಮಾತ್ರ ಬೇರೆಯವರು ಓದುವ ಹಾಗೆ ಓದಲು ಆಗಲಿಲ್ಲ. ಮಗನಾಗಿ ಅದು ಕಷ್ಟ ಎಂದು ನನಗೂ ಗೊತ್ತು. ಕಷ್ಟ ಎಂಬುದಕ್ಕೇ ಹೇಳುತ್ತಿದ್ದೇನೆ.

ಮಾದರಿ ದೇಶದ ಲೆಕ್ಕದಲ್ಲಿ ಇನ್ನೂ ಒಂದು ಸೇರಿಸಿ. ಈಗಿನ ನಮೀಬಿಯಾದಲ್ಲಿ 1904ರಿಂದ 1908ರವರೆಗೆ ಜರ್ಮನ್ ಸೇನೆ ಹೆರೆರೊ ಮತ್ತು ನಾಮಾ ಜನರನ್ನು ಹತ್ತಾರು ಸಾವಿರ ಲೆಕ್ಕದಲ್ಲಿ ಕೊಂದಿತು, ಮರುಭೂಮಿಗೆ ಅಟ್ಟಿ ನೀರಿಲ್ಲದೆ ಸಾಯಿಸಿತು. ಅದನ್ನು ನರಮೇಧ ಎಂದು ಜರ್ಮನ್ ಸರಕಾರ ಬಾಯಿಬಿಟ್ಟು ಒಪ್ಪಿದ್ದು 2021ರ ಮೇ ತಿಂಗಳಲ್ಲಿ. ಕೊಡುತ್ತೇವೆಂದ 110 ಕೋಟಿ ಯೂರೋ 30 ವರ್ಷಕ್ಕೆ ಹಂಚಿದ ನೆರವು, ಪರಿಹಾರ ಎಂಬ ಪದವನ್ನು ಜಾಗ್ರತೆಯಾಗಿ ಬಿಟ್ಟಿದ್ದಾರೆ. ಮತ್ತೆ, ಈ ಪಶ್ಚಾತ್ತಾಪ ಸಾಕು ಎನ್ನುವ ಪಕ್ಷ, ಎಎಫ್‌ಡಿ, 2017ರಲ್ಲಿ 12.6 ಶೇಕಡಾ ಮತ ಪಡೆದು ಸಂಸತ್ತಿಗೆ ಬಂತು. ಅದರ ನಾಯಕನೊಬ್ಬ ನಾಜಿ ಕಾಲವನ್ನು ಜರ್ಮನಿಯ ಸಾವಿರ ವರ್ಷದ ಚರಿತ್ರೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಗೆ ಹೋಲಿಸಿದ. 2025ರ ಫೆಬ್ರವರಿಯ ಚುನಾವಣೆಯಲ್ಲಿ ಆ ಪಕ್ಷಕ್ಕೆ 20.8 ಶೇಕಡಾ. ಅವರಿಗೆ ಮತ ಹಾಕಿದವರೂ ಅದೇ ಶಾಲೆಗಳಲ್ಲಿ ಅದೇ ಪಾಠ ಕಲಿತವರು. ಮೇಲಿನಿಂದ ಹೊರಿಸಿದ ಭಾರವನ್ನು ಮೇಲಿನಿಂದಲೇ ಇಳಿಸಬಹುದು ಎಂದು ಅವರಿಗೆ ಯಾರೋ ಹೇಳಿದರು, ಅವರು ನಂಬಿದರು.

ಕ್ರೂಗ್ ಪುಸ್ತಕದ ಮೇಲೂ ನನಗೊಂದು ಆಕ್ಷೇಪ ಇದೆ. ಅದು ಕೊನೆಗೂ ಜರ್ಮನ್ ಕುಟುಂಬದ ಆಲ್ಬಮ್. ಊರಿನ ನೆನಪಿಗಾಗಿ ಅವರು ಜೋಡಿಸಿಡುವ ವಸ್ತುಗಳು, ಗಾಯಕ್ಕೆ ಹಚ್ಚುವ ಹಾನ್ಸಾಪ್ಲಾಸ್ಟ್, ಬಿಸಿನೀರಿನ ಚೀಲ, ಕಡತ ಇಡುವ ಲೈಟ್ಸ್ ಫೈಲು, ರೊಟ್ಟಿ, ಊಹು ಅಂಟು, ಎಲ್ಲವೂ ಮುದ್ದಾಗಿವೆ, ಕೆಲವು ಕಡೆ ಅಗತ್ಯಕ್ಕಿಂತ ಹೆಚ್ಚು ಮುದ್ದಾಗಿವೆ. ಅಜ್ಜ ಒಳ್ಳೆಯವನಾಗಿದ್ದಿರಬಹುದು ಎಂಬ ಒಂದು ಎಳೆ ಸಿಕ್ಕಾಗ ಮೊಮ್ಮಗಳ ಉಸಿರು ಹಗುರಾಗುವುದು ಪುಟದಲ್ಲಿ ಕಾಣುತ್ತದೆ. ಅದು ಸಹಜ. ಆದರೆ ಗುರ್ಸ್‌ಗೆ ಹೋದ ಆ 900 ಮಂದಿಗೆ ಆಲ್ಬಮ್ ಇಲ್ಲ. ವಿಮರ್ಶಕರು ಈ ಪುಸ್ತಕವನ್ನು 'ಗಾಯ ಮಾಯಿಸುವ' ಪುಸ್ತಕ ಎಂದು ಕರೆದಾಗ ನಾನು ಸಿಟ್ಟಾದದ್ದು ಅದಕ್ಕೆ. ಯಾರ ಗಾಯ? ಗುಂಟರ್ ಡೆಮ್ನಿಗ್ ಎಂಬ ಕಲಾವಿದರು ಯಹೂದಿಗಳೂ ನಾಜಿಗಳ ಕೈಗೆ ಸಿಕ್ಕ ಉಳಿದವರೂ ಕಡೆಯದಾಗಿ ವಾಸವಿದ್ದ ಮನೆಯ ಮುಂದೆ, ಕಾಲುದಾರಿಯಲ್ಲಿ, ಅಂಗೈಯಷ್ಟು ಹಿತ್ತಾಳೆಯ ಕಲ್ಲು ಹುಗಿಯುತ್ತಾರೆ. ಅದರ ಮೇಲೆ ಹೆಸರು, ಹುಟ್ಟಿದ ವರ್ಷ, ಸಾಗಿಸಿದ ದಿನ, ಏನಾಯಿತು ಎಂಬುದು. 2023ರಲ್ಲಿ ಅಂಥ ಕಲ್ಲುಗಳ ಸಂಖ್ಯೆ ಒಂದು ಲಕ್ಷ ದಾಟಿತು. ಇಂಥವರು ಇಲ್ಲಿದ್ದರು ಎಂದು ಅದು ಹೇಳುತ್ತದೆ. ಇವರನ್ನು ಕಳಿಸಿದವರು, ಇವರ ಮೇಜುಬಟ್ಟೆ ಕೊಂಡವರು ಎದುರು ಮನೆಯಲ್ಲಿದ್ದರು ಎಂಬ ಕಲ್ಲು ಯಾವ ಬೀದಿಯಲ್ಲೂ ಇಲ್ಲ. ಕ್ರೂಗ್ ಪುಸ್ತಕವನ್ನು ನಾನು ಆ ಇಲ್ಲದ ಕಲ್ಲಿನ ಜಾಗದಲ್ಲಿಟ್ಟು ಓದುತ್ತೇನೆ. ಹಾಗೆ ಓದಿದರೆ ಅದರ ಮುದ್ದುತನವೂ ಕ್ಷಮಿಸಬಹುದಾದ್ದು.

ದಾಖಲೆ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. 1945ರ ವಸಂತದಲ್ಲಿ ನಾಜಿ ಪಕ್ಷ ತನ್ನ ಸದಸ್ಯರ ಕಾರ್ಡುಗಳನ್ನೆಲ್ಲ ಲಾರಿಗೆ ತುಂಬಿ ಮ್ಯೂನಿಕ್ ಬಳಿಯ ಒಂದು ಕಾಗದದ ಗಿರಣಿಗೆ ಅರೆದು ಹಾಕಲು ಕಳಿಸಿತ್ತು. ಗಿರಣಿಯವನು ಅರೆಯಲಿಲ್ಲ, ಹಳೇ ಕಾಗದದ ರಾಶಿಯ ಕೆಳಗೆ ಮುಚ್ಚಿಟ್ಟ. ಕೊನೆಗೆ ಸುಮಾರು 85 ಲಕ್ಷ ಸದಸ್ಯರಿದ್ದ ಪಕ್ಷದ ಕಾರ್ಡುಗಳಲ್ಲಿ ಬಹುಪಾಲು ಹಾಗೆ ಉಳಿದವು. ದಶಕಗಟ್ಟಲೆ ಬರ್ಲಿನಿನಲ್ಲಿ ಅಮೆರಿಕನ್ನರು ಕಾದಿಟ್ಟರು, 1994ರಲ್ಲಿ ಜರ್ಮನ್ ಸರಕಾರಕ್ಕೆ ಕೊಟ್ಟರು. ಈಗ ಅವು ಅಲ್ಲಿನ ಸರಕಾರಿ ದಾಖಲಾಲಯದಲ್ಲಿವೆ. ಅಜ್ಜನ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಬರೆದು ಮೊಮ್ಮಕ್ಕಳು ಯಾರು ಬೇಕಾದರೂ ಅರ್ಜಿ ಹಾಕಬಹುದು.